ಯಾರ ಪಾಪದ ಫಲ ಎಂದು ಕೇಳುವ ಮೊದಲು



ಮಳೆಗಾಲದಲ್ಲಿ ನೆರೆಮನೆಯವರ ಅಡಿಕೆ ತೋಟಕ್ಕೆ ಕೊಳೆರೋಗ ಬಂತೆಂದು ಇಟ್ಟುಕೊಳ್ಳೋಣ. ಬೇಲಿಯ ಈಚೆ ನಿಂತು ನಾವು ಕೇಳುವುದೇನು? "ಮೊದಲ ಮದ್ದು ಯಾವಾಗ ಬಿಟ್ಟದ್ದು? ಎರಡನೆಯದಕ್ಕೆ ಮಳೆ ಬಿಡುವು ಕೊಡಲಿಲ್ಲವೋ? ಸುಣ್ಣ ಒಳ್ಳೆಯದಿತ್ತೋ?" ಇಷ್ಟೇ. "ಇದು ನಿಮ್ಮ ಅಜ್ಜ ಮಾಡಿದ ಪಾಪದ ಫಲ" ಎಂದು ಯಾರೂ ಹೇಳುವುದಿಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರು ನೀರು ಎಂಬ ಲೆಕ್ಕ ನಮಗೆಲ್ಲ ಬಾಯಿಪಾಠ. ಲೆಕ್ಕ ತಪ್ಪದೆ ಮದ್ದು ಬಿಟ್ಟವನ ತೋಟಕ್ಕೂ ಒಂದೊಂದು ವರ್ಷ ಕೊಳೆ ಹೊಕ್ಕುತ್ತದೆ, ಬಿಡದ ಸೋಮಾರಿಯ ತೋಟ ಉಳಿಯುವುದೂ ಉಂಟು ಎಂಬುದು ಕೂಡ ನಮಗೆ ಗೊತ್ತು. ಆದುದರಿಂದ ತೋಟದ ವಿಷಯದಲ್ಲಿ ನಾವು ತೀರ್ಪು ಕೊಡಲು ಹೋಗುವುದಿಲ್ಲ.

ಅದೇ ಮನೆಯಲ್ಲಿ ಕೈಕಾಲು ಸೊಟ್ಟಗಾದ ಮಗು ಹುಟ್ಟಿದರೆ ನಮ್ಮ ನಾಲಿಗೆ ಬೇರೆಯಾಗುತ್ತದೆ. "ಏನು ಮಾಡಿದ್ದರೋ ಏನೋ." "ದೇವರು ಸುಮ್ಮನೆ ಹಾಗೆ ಮಾಡುವವನಲ್ಲ." "ಮದುವೆಯ ಕಾಲದಲ್ಲಿ ಹೇಳಿದ ಹರಕೆ ಒಪ್ಪಿಸಿಲ್ಲವಂತೆ." ಇಂಥ ಮಾತುಗಳನ್ನು ನಾವು ಕೇಳಿದ್ದೇವೆ, ಕೇಳಿದ್ದು ಮಾತ್ರವಲ್ಲ, ಆಡಿದ್ದೇವೆ. ಕೆಲವು ವರ್ಷಗಳ ಹಿಂದೆ ಒಂದು ಮಗುವಿನ ಅಂತ್ಯಕ್ರಿಯೆ ಮುಗಿಸಿ, ಮನೆಯ ಅಂಗಳದಲ್ಲಿ ಕೂತು ಚಹಾ ಕುಡಿಯುತ್ತಿದ್ದೆವು. ಹದಿಮೂರು ವರ್ಷ ಹಾಸಿಗೆಯಲ್ಲೇ ಇದ್ದ ಮಗು ಅದು. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಅಂತೂ ಆ ಮನೆಯ ಋಣ ತೀರಿತು" ಎಂದರು. ನಾವು ತಲೆಯಾಡಿಸಿದೆವು. ಅಷ್ಟರಲ್ಲಿ ಮಗುವಿನ ತಾಯಿ ಬಿಸ್ಕತ್ತಿನ ತಟ್ಟೆ ಹಿಡಿದು ಹಿಂದೆಯೇ ನಿಂತಿದ್ದಳು. ಆಕೆ ಏನೂ ಹೇಳಲಿಲ್ಲ; ತಟ್ಟೆ ಇಟ್ಟು ಒಳಗೆ ಹೋದಳು. ಈ ಲೇಖನ ಬರೆಯುವುದಕ್ಕೆ ಅದೇ ಕಾರಣ.

ನಮ್ಮ ಜಿಲ್ಲೆ ಕಲಿಸಿದ ಪಾಠ

ಕಾಸರಗೋಡಿನ ನಮಗೆ ಈ ವಿಷಯದಲ್ಲಿ ಬೇರೆಯವರಿಗಿಂತ ಹೆಚ್ಚು ತಿಳುವಳಿಕೆ ಇರಬೇಕಿತ್ತು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಮೊದಲಾದ ಪಂಚಾಯತುಗಳಲ್ಲಿ ಏನಾಯಿತೆಂಬುದು ಲೋಕಕ್ಕೆಲ್ಲ ತಿಳಿದಿದೆ. ಗುಡ್ಡೆಗಳ ಮೇಲೆ ಸರಕಾರಿ ಒಡೆತನದ ಗೇರು ತೋಟಗಳು. ಗುಡ್ಡೆಯ ಬುಡದಲ್ಲಿ ನಮ್ಮ ಮನೆ, ಬಾವಿ, ಸುರಂಗ, ತೋಡು. ಗೇರು ಹೂ ಬಿಡುವ ಕಾಲದಲ್ಲಿ ಚಿಗುರು ಮತ್ತು ಹೂಗೊಂಚಲಿನ ರಸ ಹೀರಿ ಒಣಗಿಸುವ ಟೀ-ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯ ಭಾಗದಿಂದ 2000ನೇ ಇಸವಿಯ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗಿಡದ ತಲೆಗೆ ಹತ್ತಿರವಾಗಿ ಹಾರಿ ಸಿಂಪಡಿಸಬೇಕು, ನೀರಿನ ಮೂಲಗಳನ್ನು ಮುಚ್ಚಬೇಕು ಎಂಬ ನಿಯಮಗಳಿದ್ದವು. ಏರು ತಗ್ಗಿನ ನಮ್ಮ ನೆಲದಲ್ಲಿ ಹತ್ತಿರ ಹಾರುವುದೆಲ್ಲಿ? ತೋಡು, ಮದಕಗಳನ್ನು ಮುಚ್ಚುವುದು ಹೇಗೆ? ಮಂಜಿನಂತೆ ಇಳಿದ ಮದ್ದು ಗಾಳಿ ಬೀಸಿದ ಕಡೆಗೆ ಹೋಯಿತು. ಮಳೆ ಬಂದಾಗ ಇಳಿಜಾರಿನಲ್ಲಿ ಹರಿದು ಕೆಳಗೆ ಬಂತು.

ಮೊದಲು ಜೇನುನೊಣ ಸತ್ತವು. ಹಟ್ಟಿಯಲ್ಲಿ ಕಾಲು ಸೊಟ್ಟಗಾದ ಕರುಗಳು ಹುಟ್ಟಿದವು. ಪಡ್ರೆ ಗ್ರಾಮದ ಕೃಷಿಕ ಪತ್ರಕರ್ತ ಶ್ರೀ ಪಡ್ರೆಯವರು ಈ ಕರುಗಳ ವಿಷಯ ಬರೆದದ್ದು 1979ರಷ್ಟು ಹಿಂದೆ. ಆಮೇಲೆ ಮಕ್ಕಳ ಸರದಿ. ಪಡ್ರೆಯಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ. ಎಸ್. ಮೋಹನ್ ಕುಮಾರರು, ಇಷ್ಟು ಸಣ್ಣ ಊರಿನಲ್ಲಿ ಇಷ್ಟೊಂದು ಬುದ್ಧಿಮಾಂದ್ಯತೆ, ಅಪಸ್ಮಾರ, ಹುಟ್ಟಿನಿಂದಲೇ ಬಂದ ಅಂಗವಿಕಲತೆ, ಕ್ಯಾನ್ಸರ್ ಏಕೆ ಎಂದು ಯೋಚಿಸತೊಡಗಿದರು. ಮನೆಮನೆಯ ಲೆಕ್ಕ ಬರೆದಿಟ್ಟರು. ಊರಿನ ಒಂದು ಭಾಗದ ಹೆಸರು ಸ್ವರ್ಗ. ಆ ಸ್ವರ್ಗದಲ್ಲಿ ತಾಯಂದಿರು ಏಳಲಾಗದ ಮಕ್ಕಳನ್ನು ಚಾಪೆಯ ಮೇಲೆ ಮಲಗಿಸಿ ಬೀಡಿ ಕಟ್ಟುತ್ತಿದ್ದರು.

ಆ ಇಪ್ಪತ್ತು ಚಿಲ್ಲರೆ ವರ್ಷ ಊರಿನವರು ಹೇಳಿದ್ದೇನು? ದೈವದ ಕೋಪ ಎಂದರು ಕೆಲವರು. ನಾಗದೋಷ ಎಂದರು. ಪೂರ್ವಜನ್ಮದ ಕರ್ಮ ಎಂದರು. ನಮ್ಮವರು ಹಾಗೆ ಹೇಳಲಿಲ್ಲವೆಂದು ಬೀಗಬೇಕಾಗಿಲ್ಲ. ನಮ್ಮವರು "ತಂದೆತಾಯಿಯ ಪಾಪ" ಎಂದರು. ಪದ ಬೇರೆ, ತೀರ್ಪು ಒಂದೇ. ಆ ತೀರ್ಪಿನಿಂದಾಗಿ ಎಷ್ಟೋ ಮನೆಗಳು ಮಗುವನ್ನು ಒಳಕೋಣೆಯಲ್ಲಿ ಬಚ್ಚಿಟ್ಟವು. ಅಣ್ಣ ಅಪಸ್ಮಾರದವನೆಂದು ತಂಗಿಯ ಮದುವೆ ಮುರಿಯಿತು. ಎಲ್ಲಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಪಾಪವೇ ಕಾರಣವೆಂದು ಒಪ್ಪಿಕೊಂಡವನು ಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸುವುದಿಲ್ಲ. ಆಕಾಶದಲ್ಲಿ ಹಾರುವ ಹೆಲಿಕಾಪ್ಟರನ್ನು ನೋಡಿ ಪ್ರಶ್ನೆ ಕೇಳುವುದಿಲ್ಲ. ನಮ್ಮ ತೀರ್ಪಿನ ನೆರಳಿನಲ್ಲಿ ವಿಷ ನಿರಾತಂಕವಾಗಿ ಇಳಿಯಿತು.

ಪ್ರಶ್ನೆ ಕೇಳಿದವರು ಕೆಲವೇ ಮಂದಿ. ಪೆರಿಯದ ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮನವರು ಕೋರ್ಟಿಗೆ ಹೋಗಿ 1998ರಲ್ಲಿ ತಡೆಯಾಜ್ಞೆ ತಂದರು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪಡ್ರೆಯ ಶಾಲಾಮಕ್ಕಳನ್ನು ಮದ್ದು ಬೀಳದ ಊರಿನ ಮಕ್ಕಳೊಂದಿಗೆ ಹೋಲಿಸಿ ನೋಡಿದರು, ವ್ಯತ್ಯಾಸ ಕಂಡುಬಂತು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಮೇ 13ರಂದು ನಮ್ಮ ಸುಪ್ರೀಂ ಕೋರ್ಟು ಅದರ ತಯಾರಿ, ಮಾರಾಟ, ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು 3 ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿತು. ಆ ಮೂರು ತಿಂಗಳು ವರ್ಷಗಳಾದುವು. 2022ರಲ್ಲಿ ಕೋರ್ಟು ಮತ್ತೆ ಸರಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಗಡಿಯಾಚೆ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಗೇರು ತೋಟಗಳ ಸುತ್ತಲಿನವರದ್ದೂ ಇಂಥದ್ದೇ ಕಥೆ.

ಎಲ್ಲ ರೋಗಕ್ಕೂ ಎಂಡೋಸಲ್ಫಾನೇ ಕಾರಣವೆಂದು ನಾವು ಹೇಳುವುದಿಲ್ಲ. ಈ ಅಧ್ಯಯನಗಳನ್ನು ಒಪ್ಪದ ತಜ್ಞರೂ ಇದ್ದಾರೆ. ಹೆರಿಗೆಯ ಹೊತ್ತಿನಲ್ಲಿ ಉಸಿರು ಕಟ್ಟಿ ಮೆದುಳಿಗೆ ಪೆಟ್ಟಾದ ಮಕ್ಕಳು ಎಲ್ಲ ಊರಿನಲ್ಲೂ ಇದ್ದಾರೆ. ಒಂದು ಮಗುವಿನ ವಿಷಯದಲ್ಲಿ ಕಾರಣ ಇದೇ ಎಂದು ಬೆರಳಿಟ್ಟು ತೋರಿಸಲು ಡಾಕ್ಟರರಿಗೂ ಕಷ್ಟ. ಆದರೆ ಇಪ್ಪತ್ತು ವರ್ಷ "ಪಾಪ" ಎಂದವರಲ್ಲಿ ಯಾರ ಕೈಯಲ್ಲೂ ಯಾವ ಆಧಾರವೂ ಇರಲಿಲ್ಲ. ಅದು ಮಾತ್ರ ಖಂಡಿತ.

ಶುಭಸಂದೇಶ ಏನು ಹೇಳುತ್ತದೆ?

ಯೊವಾನ್ನನ ಶುಭಸಂದೇಶದ 9ನೇ ಅಧ್ಯಾಯವನ್ನು ತೆರೆದು ನೋಡಿರಿ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಕೇಳಿದ ಪ್ರಶ್ನೆ ನಮ್ಮ ಅಂಗಳದ ಪ್ರಶ್ನೆಯೇ: ಪಾಪ ಮಾಡಿದವನು ಇವನೋ, ಇವನ ಹೆತ್ತವರೋ? ಇಬ್ಬರೂ ಅಲ್ಲವೆಂದು ಯೇಸುಸ್ವಾಮಿ ಉತ್ತರಿಸಿದರು. ಮುಂದೆ ಅವರು ಕಾರಣದ ಬಗ್ಗೆ ಪ್ರಸಂಗ ಮಾಡಲಿಲ್ಲ. ಬಗ್ಗಿ ಮಣ್ಣು ಕಲಸಿದರು, ಅವನ ಕಣ್ಣಿಗೆ ಹಚ್ಚಿದರು, ಸಿಲೋವಾಮಿನ ಕೊಳಕ್ಕೆ ಹೋಗಿ ತೊಳೆದುಕೊಳ್ಳಲು ಹೇಳಿದರು. ಶಿಷ್ಯರಿಗೆ ಆ ಮನುಷ್ಯ ಒಂದು ಚರ್ಚೆಯ ವಿಷಯ. ಪ್ರಭುವಿಗೆ ಅವನು ಅಂದು ಮಾಡಬೇಕಾಗಿದ್ದ ಕೆಲಸ.

ಲೂಕನ 13ನೇ ಅಧ್ಯಾಯದಲ್ಲೂ ಹಾಗೆಯೇ. ಸಿಲೋವಾಮಿನಲ್ಲಿ ಗೋಪುರ ಬಿದ್ದು 18 ಮಂದಿ ಸತ್ತಿದ್ದರು. ಸತ್ತವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳಲ್ಲ ಎಂದು ಪ್ರಭು ಹೇಳಿ, ಪ್ರಶ್ನೆಯನ್ನು ಕೇಳುವವರ ಕಡೆಗೇ ತಿರುಗಿಸಿದರು: ನೀವು ಪಶ್ಚಾತ್ತಾಪ ಪಡಿರಿ. ಅದರ ಬೆನ್ನಿಗೇ ಅವರು ಹೇಳಿದ ಸಾಮತಿ ಕೃಷಿಕರದ್ದು ಎಂಬುದನ್ನು ನಾವು ಗಮನಿಸಬೇಕು. ಮೂರು ವರ್ಷ ಕಾಯಿ ಬಿಡದ ಅಂಜೂರದ ಮರವನ್ನು ಕಡಿಯಲು ಯಜಮಾನ ಹೇಳುತ್ತಾನೆ. ತೋಟದ ಆಳು ಮರವನ್ನು ದೂರುವುದಿಲ್ಲ. ಇನ್ನೊಂದು ವರ್ಷ ಬಿಡಿ, ಬುಡ ಬಿಡಿಸಿ ಗೊಬ್ಬರ ಹಾಕಿ ನೋಡುತ್ತೇನೆಂದು ಬೇಡಿಕೊಳ್ಳುತ್ತಾನೆ. ಕಷ್ಟದಲ್ಲಿರುವವನ ಮುಂದೆ ನಮ್ಮ ಸ್ಥಾನ ಆ ಆಳಿನದ್ದು, ಯಜಮಾನನದ್ದಲ್ಲ.

ಯೋಬನೂ ನಮ್ಮ ಹಾಗೆ ದನಕರು, ನೇಗಿಲು ಇದ್ದ ಮನುಷ್ಯ. 7 ಸಾವಿರ ಕುರಿ, 500 ಜೋಡಿ ಎತ್ತು, ಹತ್ತು ಮಕ್ಕಳು, ಎಲ್ಲವೂ ಹೋದುವು. ಅವನ ಮೂವರು ಗೆಳೆಯರು ಬಂದು ಏಳು ಹಗಲು, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅಷ್ಟರ ತನಕ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದದ್ದೇ ತಪ್ಪಾಯಿತು. ದೇವರು ನ್ಯಾಯವಂತರು, ನೀನು ಕಷ್ಟಪಡುತ್ತಿರುವೆ, ಆದುದರಿಂದ ನೀನು ಪಾಪಿ ಎಂದು ಲೆಕ್ಕ ಹಾಕಿದರು. ದೇವರ ಪರವಾಗಿ ಮಾತಾಡುತ್ತಿದ್ದೇವೆ ಎಂದು ಅವರು ತಿಳಿದಿದ್ದರು. ಆದರೆ ಕೊನೆಯಲ್ಲಿ ದೇವರು ಸಿಟ್ಟಾದದ್ದು ಅವರ ಮೇಲೆ. ಗೋಳಾಡಿದ, ವಾದಿಸಿದ ಯೋಬನ ಮೇಲಲ್ಲ. ಯೋಬನು ಅವರಿಗಾಗಿ ಪ್ರಾರ್ಥಿಸಿದ ಮೇಲೆಯೇ ಅವರಿಗೆ ಕ್ಷಮೆ.

ಯೋಬನಿಗೆ ಮಾತ್ರ "ಏಕೆ" ಎಂಬುದಕ್ಕೆ ಉತ್ತರ ಸಿಗಲೇ ಇಲ್ಲ. ಬಿರುಗಾಳಿಯೊಳಗಿಂದ ದೇವರು ಅವನನ್ನೇ ಕೇಳಿದರು: ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ? ಮನುಷ್ಯರಿಲ್ಲದ ಕಾಡಿಗೆ ಮಳೆ ಕೊಡುವವರು ಯಾರು? ಕಾಡಾಡುಗಳು ಮರಿ ಹಾಕುವ ಹೊತ್ತು ನಿನಗೆ ಗೊತ್ತೇ? ದೇವರ ಸಾರ್ವಭೌಮತ್ವವೆಂದರೆ ಇದು. ಈ ತೋಟದ ಒಡೆಯ ನಾವಲ್ಲ. ಅದರ ಪೂರ್ತಿ ಲೆಕ್ಕಪುಸ್ತಕ ನಮ್ಮ ಕೈಯಲ್ಲಿಲ್ಲ. ಒಂದು ಪುಟವನ್ನೂ ಓದದೆ ನೆರೆಯವನ ಖಾತೆಯಲ್ಲಿ "ಸಾಲ" ಎಂದು ಬರೆಯುವ ಅಧಿಕಾರ ನಮಗಿಲ್ಲ. ಪೋಪ್ ದ್ವಿತೀಯ ಜಾನ್ ಪೌಲರು 1984ರ ಫೆಬ್ರವರಿ 11ರಂದು ಮಾನವ ಸಂಕಟದ ಕುರಿತು ಬರೆದ ಪ್ರೇಷಿತ ಪತ್ರದಲ್ಲಿ ಯೋಬನ ಈ ಕಥೆಯನ್ನೇ ಎತ್ತಿಕೊಂಡು, ಎಲ್ಲ ಸಂಕಟವೂ ಶಿಕ್ಷೆಯಲ್ಲವೆಂದು ಬಿಡಿಸಿ ಹೇಳಿದ್ದಾರೆ. ಸಂಕಟಪಡುವವನ ಬಳಿ ನಿಲ್ಲಬೇಕಾದ ಸಮಾರ್ಯದವನನ್ನು ನಮ್ಮ ಮುಂದಿಟ್ಟಿದ್ದಾರೆ.

ಎರಡು ಆಕ್ಷೇಪಗಳು

"ಮಾಡಿದ್ದುಣ್ಣೋ ಮಹಾರಾಯ ಎಂಬುದು ಸುಳ್ಳೇ? ಹಿರಿಯರ ಅಪರಾಧವನ್ನು ಮೂರು ನಾಲ್ಕು ತಲೆಮಾರಿನ ತನಕ ವಿಚಾರಿಸುವುದಾಗಿ ಬೈಬಲಿನಲ್ಲೇ ಇಲ್ಲವೇ?" ಎಂದು ಕೆಲವರು ಕೇಳಬಹುದು. ಕುಡಿತದಿಂದ ಲಿವರ್ ಕೆಡುತ್ತದೆ, ತಂಬಾಕಿನಿಂದ ಬಾಯಿಯ ಕ್ಯಾನ್ಸರ್ ಬರುತ್ತದೆ, ನಿಜ. ತಂದೆಯ ಕುಡಿತದಿಂದ ಮಕ್ಕಳು ಹಸಿಯುತ್ತಾರೆ, ಅದೂ ನಿಜ. ಆದರೆ ಕಾರ್ಯದಿಂದ ಫಲದ ಕಡೆಗೆ ಹೋಗುವ ದಾರಿ ಬೇರೆ, ಫಲವನ್ನು ನೋಡಿ ಕಾರ್ಯವನ್ನು ಊಹಿಸುವ ದಾರಿ ಬೇರೆ. ನೀರು ಬಿಡದಿದ್ದರೆ ಅಡಿಕೆ ಸೋಗೆ ಹಳದಿಯಾಗುತ್ತದೆ. ಹಳದಿಯಾದ ಸೋಗೆಗೆಲ್ಲ ನೀರಿನ ಕೊರತೆಯೇ ಕಾರಣವೇ? ಹಳದಿ ಎಲೆ ರೋಗವಿರಬಹುದು, ಬೇರು ಕೊಳೆತಿರಬಹುದು. ತಂದೆ ತಿಂದ ಹುಳಿಗೆ ಮಗನ ಹಲ್ಲು ಜುಮ್ಮೆನ್ನುತ್ತದೆಂಬ ಗಾದೆಯನ್ನು ಇನ್ನು ಮುಂದೆ ಇಸ್ರಯೇಲಿನಲ್ಲಿ ಯಾರೂ ಹೇಳಬಾರದೆಂದು ಪ್ರವಾದಿ ಯೆಜೆಕಿಯೇಲನ 18ನೇ ಅಧ್ಯಾಯದಲ್ಲಿ ದೇವರೇ ನಿಲ್ಲಿಸಿದ್ದಾರೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. "ಎಲ್ಲವೂ ದೇವರ ಕೈಯಲ್ಲಿದೆ ಎಂದು ಸುಮ್ಮನಿದ್ದರೆ ವಿಷ ಹಾಕಿದವನಿಗೆ ಲಾಭ. ದೇವರ ಚಿತ್ತ ಎಂಬ ಮಾತು ಅಪರಾಧಿಗೆ ಹೊದಿಕೆಯಾಗುವುದಿಲ್ಲವೇ?" ಆಗುತ್ತದೆ, ನಾವು ಎಚ್ಚರ ತಪ್ಪಿದರೆ. ಹಾಗಾಗಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಡಬೇಕು. ನೀರಿಗೆ ವಿಷ ಹೇಗೆ ಬಂತು, ಯಾರು ಬಿಟ್ಟರು, ಯಾರು ತಡೆಯಬೇಕಿತ್ತು ಎಂಬುದು ಮನುಷ್ಯರ ಪ್ರಶ್ನೆ. ಅದನ್ನು ಕೇಳಲೇಬೇಕು, ಪಂಚಾಯತಿನಲ್ಲಿ, ಕೋರ್ಟಿನಲ್ಲಿ, ಬೀದಿಯಲ್ಲಿ ಕೇಳಬೇಕು. ಒಂದೇ ಬಾವಿಯ ನೀರು ಕುಡಿದ ಎರಡು ಮನೆಗಳಲ್ಲಿ ಈ ಮಗುವೇ ಏಕೆ, ಆ ಮಗು ಏಕಲ್ಲ ಎಂಬುದು ಇನ್ನೊಂದು. ಅದಕ್ಕೆ ಯಾವ ಪ್ರಯೋಗಶಾಲೆಯಲ್ಲೂ ಪೂರ್ತಿ ಉತ್ತರವಿಲ್ಲ. ಅದನ್ನು ದೇವರ ಕೈಗೆ ಒಪ್ಪಿಸಬೇಕು. ನಾವು ಮಾಡಿದ್ದು ತಿರುಗುಮುರುಗು: ಮನುಷ್ಯರ ಪ್ರಶ್ನೆಯನ್ನು ದೇವರ ಮೇಲೆ ಹೊರಿಸಿದೆವು, ದೇವರ ಪ್ರಶ್ನೆಗೆ ನಾವೇ ಉತ್ತರ ಕೊಟ್ಟೆವು.

ಈಗ ತೀರ್ಪಿನ ಹೊಸ ನಮೂನೆಯೊಂದು ಬಂದಿದೆ. "ಅವರಿಗೆ ಹಣ ಸಿಕ್ಕಿತಲ್ಲ, ಇನ್ನೇನು?" "ಅವನು ನಿಜವಾದ ಸಂತ್ರಸ್ತನೇ ಅಲ್ಲ, ಪಟ್ಟಿಗೆ ಸೇರಿಸಿಕೊಂಡ." ಪಟ್ಟಿಯ ತಪ್ಪು ಒಪ್ಪುಗಳನ್ನು ನೋಡಲು ಡಾಕ್ಟರರ ತಂಡವಿದೆ. ರಾತ್ರಿ ನಾಲ್ಕು ಸಲ ಎದ್ದು, ಮೂವತ್ತು ವರ್ಷದ ಮಗನನ್ನು ಮಗ್ಗುಲು ಬದಲಿಸಿ ಮಲಗಿಸುವ ತಾಯಿಯ ಶ್ರಮಕ್ಕೆ ಐದು ಲಕ್ಷವೆಂದು ಬೆಲೆ ಕಟ್ಟುವವರು ಒಂದು ರಾತ್ರಿ ಹೋಗಿ ಆ ಕೆಲಸ ಮಾಡಿ ಬರಲಿ.

ನಾವು ಮಾಡಬಹುದಾದದ್ದು

ತೀರ್ಪು ಬಿಟ್ಟರೆ ಕೈಗೆ ಬೇಕಾದಷ್ಟು ಕೆಲಸವಿದೆ. ಮೊದಲನೆಯದು, ಅಪಸ್ಮಾರ. ಅದು ಶಾಪವಲ್ಲ, ಮೆದುಳಿನ ಕಾಯಿಲೆ. ಸರಿಯಾದ ಮಾತ್ರೆಯನ್ನು ತಪ್ಪದೆ ಕೊಟ್ಟರೆ ಹತ್ತರಲ್ಲಿ ಸುಮಾರು ಏಳು ಮಂದಿಗೆ ಪಿಟ್ಸ್ ಬಾರದಂತೆ ತಡೆಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪೂಜೆಯ ನಡುವೆ ಯಾರಿಗಾದರೂ ಪಿಟ್ಸ್ ಬಂದರೆ ಕೈಗೆ ಬೀಗದಕೈ ಕೊಡಬೇಡಿರಿ, ಬಾಯಿಗೆ ಏನನ್ನೂ ತುರುಕಬೇಡಿರಿ, ಬಿಗಿಯಾಗಿ ಅದುಮಿ ಹಿಡಿಯಬೇಡಿರಿ. ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಟ್ಟು, ಮಗ್ಗುಲಿಗೆ ಮಲಗಿಸಿ, ಗುಂಪು ಕಟ್ಟದೆ ಕಾಯಿರಿ. ಐದು ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಿರಿ. ಡಾಕ್ಟರರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿರಿ.

ಎರಡನೆಯದು, ಮದುವೆಯಾದ ಹೆಣ್ಣುಮಕ್ಕಳು ಬಸಿರಾಗುವ ಮೊದಲೇ ಡಾಕ್ಟರರನ್ನು ಕೇಳಿ ಫೋಲಿಕ್ ಆಸಿಡ್ ಮಾತ್ರೆ ತೊಡಗುವುದು ಒಳ್ಳೆಯದು. ಮಗುವಿನ ಬೆನ್ನುಹುರಿ ಸರಿಯಾಗಿ ಮುಚ್ಚದೆ ಬರುವ ಅಂಗವಿಕಲತೆಯನ್ನು ಇದು ಬಹಳ ಮಟ್ಟಿಗೆ ತಡೆಯುತ್ತದೆ.

ಮೂರನೆಯದು, ನಮ್ಮ ಸ್ವಂತ ತೋಟ. ಹೆಲಿಕಾಪ್ಟರನ್ನು ಬೈಯುವ ನಾವು ನಮ್ಮ ಸ್ಪ್ರೇಯರಿನ ವಿಷಯದಲ್ಲಿ ಎಷ್ಟು ಜಾಗ್ರತೆ ವಹಿಸುತ್ತೇವೆ? ಡಬ್ಬಿಯ ಮೇಲಿನ ತ್ರಿಕೋನವನ್ನು ನೋಡಿರಿ: ಕೆಂಪು ಎಂದರೆ ಅತಿ ಘೋರ ವಿಷ, ಹಳದಿ ಅದಕ್ಕಿಂತ ಕಡಿಮೆ, ಮತ್ತೆ ನೀಲಿ, ಕೊನೆಗೆ ಹಸಿರು. ಹಸಿರು ಕೂಡ ವಿಷವೇ. ಗಾಳಿಗೆದುರಾಗಿ ಸಿಂಪಡಿಸಬೇಡಿರಿ, ಬಾವಿ, ತೋಡಿನ ಬದಿಯಲ್ಲಿ ಡಬ್ಬಿ ತೊಳೆಯಬೇಡಿರಿ, ಖಾಲಿ ಡಬ್ಬಿಯಲ್ಲಿ ಎಣ್ಣೆಯನ್ನೋ ನೀರನ್ನೋ ತುಂಬಿಸಬೇಡಿರಿ. ಬಸುರಿಯರನ್ನೂ ಮಕ್ಕಳನ್ನೂ ದೂರವಿಡಿರಿ. ಕೆಳಗಿನ ಮನೆಯವರು ನಮ್ಮ ನೀರು ಕುಡಿಯುವವರು ಎಂಬುದು ನೆನಪಿರಲಿ. ಲೂಕನ ಶುಭಸಂದೇಶದಲ್ಲಿ ಪ್ರಭು ನಮ್ಮಿಂದ ಕೇಳಿದ ಪಶ್ಚಾತ್ತಾಪ ಬಹುಶಃ ಇಲ್ಲಿಂದಲೇ ಆರಂಭವಾಗಬೇಕು.

ನಾಲ್ಕನೆಯದು, ದೇವಾಲಯದ ಬಾಗಿಲು. ವಿಕಲಾಂಗ ಮಕ್ಕಳಿರುವ ಮನೆಯವರು ಆದಿತ್ಯವಾರದ ಪೂಜೆಗೆ ಸರದಿಯಲ್ಲಿ ಬರುವುದನ್ನು ನೋಡಿದ್ದೇವೆ. ಗಂಡ ಮೊದಲ ಪೂಜೆಗೆ, ಹೆಂಡತಿ ಎರಡನೆಯದಕ್ಕೆ. ಮಗುವನ್ನು ಕರೆದುಕೊಂಡು ಬಂದರೆ ಎಲ್ಲರೂ ತಿರುಗಿ ನೋಡುತ್ತಾರೆಂಬ ಹೆದರಿಕೆ ಅವರಿಗೆ. ಮಗು ಕೂಗಿದರೆ ಕೂಗಲಿ. ವಾರ್ಡಿನವರು ತಿಂಗಳಿಗೊಮ್ಮೆ ಇಬ್ಬರು ಹೋಗಿ ಅರ್ಧ ದಿನ ಮಗುವಿನ ಬಳಿ ಕೂತರೆ ತಾಯಿಗೆ ಪೇಟೆಗೋ, ತವರಿಗೋ, ಡಾಕ್ಟರರಲ್ಲಿಗೋ ಹೋಗಿ ಬರಬಹುದು. ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳಿಗೆ ಮಕ್ಕಳನ್ನು ಮುಟ್ಟಿಸಲು ವಾಹನ ಸಿಗದ ಮನೆಗಳಿದ್ದರೆ ನಮ್ಮಲ್ಲಿ ಜೀಪು, ಆಟೋ ಇರುವವರು ಇದ್ದಾರೆ. ಅರ್ಜಿ, ಸರ್ಟಿಫಿಕೇಟುಗಳ ಓಡಾಟಕ್ಕೆ ಮಲಯಾಳ ಓದಲು ಬಾರದ ಕನ್ನಡದ ಹಿರಿಯರಿಗೆ ನಮ್ಮ ಯುವಕರು ಜೊತೆಗೆ ಹೋಗಬಹುದು.

ಏನು ಮಾತಾಡಬೇಕೆಂದು ತಿಳಿಯದಿದ್ದರೆ ಯೋಬನ ಗೆಳೆಯರು ಮೊದಲ ಏಳು ದಿನ ಮಾಡಿದ್ದನ್ನೇ ಮಾಡೋಣ, ಸುಮ್ಮನೆ ಕೂರೋಣ. "ದೇವರಿಗೆ ನಿಮ್ಮ ಮೇಲೆ ಪ್ರೀತಿ ಜಾಸ್ತಿ, ಅದಕ್ಕೇ ಈ ಶಿಲುಬೆ" ಎಂಬ ಮಾತೂ ಬೇಡ. ಅದು ಆ ತಾಯಿಯೇ ಹೇಳಬಹುದಾದ ಮಾತು, ಪಕ್ಕದಲ್ಲಿ ನಿಂತವರದ್ದಲ್ಲ. ನಮ್ಮ ಬೇಳದ ದೇವಾಲಯ ಶೋಕಮಾತೆಯ ಹೆಸರಿನದ್ದು. ಶಿಲುಬೆಯ ಬುಡದಲ್ಲಿ ನಿಂತ ಆ ತಾಯಿಯನ್ನು, ನಿನ್ನ ಮಗ ಏನು ತಪ್ಪು ಮಾಡಿದನೆಂದು ಕೇಳಿದವರು ಅಂದೂ ಇದ್ದಿರಬೇಕು. ಆಕೆಯ ಜೊತೆ ಯೊವಾನ್ನನೂ ಕೆಲವು ಸ್ತ್ರೀಯರೂ ನಿಂತಿದ್ದರು. ಅವರು ಏನನ್ನೂ ಹೇಳಿದ್ದಾಗಿ ಶುಭಸಂದೇಶದಲ್ಲಿ ಇಲ್ಲ.

ಬಿಸ್ಕತ್ತಿನ ತಟ್ಟೆ ಹಿಡಿದು ನಿಂತ ಆ ತಾಯಿಯ ಮನೆಗೆ ನಾವು ಆಮೇಲೆ ಹೋದೆವು. ಕ್ಷಮೆ ಕೇಳಿದೆವು. "ಹೋಗಲಿ ಬಿಡಿ, ನಾನೇ ಎಷ್ಟೋ ವರ್ಷ ಹಾಗೆಯೇ ತಿಳಿದುಕೊಂಡಿದ್ದೆ" ಎಂದಳು ಆಕೆ. ಹಾಗೆ ತಿಳಿದುಕೊಳ್ಳುವಂತೆ ಮಾಡಿದವರು ನಾವೇ. ಈ ಪತ್ರಿಕೆ ನಿಮ್ಮ ಕೈ ಸೇರಿದ ವಾರದಲ್ಲಿ ಪ್ರತಿ ವಾರ್ಡಿನವರೂ ತಮ್ಮಲ್ಲಿರುವ ಅಂಥ ಒಂದು ಮನೆಗೆ ಹೋಗಿ ಬರಬೇಕೆಂಬುದು ನಮ್ಮ ವಿನಂತಿ. ಹೋಗುವಾಗ ಪ್ರಶ್ನೆಗಳನ್ನು ಮನೆಯಲ್ಲೇ ಬಿಟ್ಟು, ಎರಡು ಬಾಳೆಗೊನೆಯನ್ನೋ ಒಂದು ಗಂಟೆಯ ಬಿಡುವನ್ನೋ ಕೊಂಡೊಯ್ದರೆ ಸಾಕು.